ನೀರಿನ ಮೋಟಾರ್‌ಗೆ ಆ ನೀಲಿ ರಿಲೇಯನ್ನು ನೇರವಾಗಿ ಹಾಕಬೇಡಿ

ಇಎಸ್‌ಪಿ8266 ಅಥವಾ ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಕಂಟ್ರೋಲರ್ ಬೋರ್ಡ್ ತಂದು ಮನೆಯ ನೀರಿನ ಮೋಟಾರನ್ನು ಫೋನಿನಿಂದ ಓಡಿಸಬೇಕು ಅಂದುಕೊಂಡಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ. ಬೋರ್ಡ್ ಬಗ್ಗೆ ನನ್ನ ದೂರಿಲ್ಲ. ಅದರ ಜೊತೆ ಮಾರುವ ನೀಲಿ ಡಬ್ಬಿಯ ರಿಲೇ (ಬೋರ್ಡಿನ ಸಿಗ್ನಲ್‌ಗೆ ಆನ್, ಆಫ್ ಆಗುವ ಸಣ್ಣ ಸ್ವಿಚ್) ಬಗ್ಗೆ, ಮಾರುವವರು ಹೇಳುವ ಮಾತಿನ ಬಗ್ಗೆ ಇದೆ.

ತುಮಕೂರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಲು 1 ಎಚ್‌ಪಿ ಮೋಟಾರ್ ಇದೆ. ಸ್ವಿಚ್ ಹೊರಗೆ ಮೆಟ್ಟಿಲ ಕೆಳಗೆ. ಅಮ್ಮನಿಗೆ ಮಂಡಿ ನೋವು. ಅವರು ಓಡಾಡುವುದು ತಪ್ಪಲಿ ಎಂದು ಈ ವ್ಯವಸ್ಥೆ ಮಾಡಿದೆ. ರಿಲೇ ಮಾರುವ ಪುಟದಲ್ಲಿ ‘10 ಆಂಪಿಯರ್, 250 ವೋಲ್ಟ್, 1 ಎಚ್‌ಪಿ ಮೋಟಾರ್‌ಗೂ ಆಗುತ್ತದೆ’ ಎಂದು ಸ್ಪಷ್ಟವಾಗಿ ಬರೆದಿದ್ದರು. ಕೆಲವು ವಾರ ಎಲ್ಲ ಚೆನ್ನಾಗಿಯೇ ನಡೆಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಟ್ಯಾಂಕ್ ತುಂಬಿತೆಂದು ನಾನು ಬೆಂಗಳೂರಿನಿಂದ ಆಫ್ ಒತ್ತಿದೆ. ಆಪ್ ‘ಆಫ್’ ಎಂದು ತೋರಿಸಿತು. ಸ್ವಲ್ಪ ಹೊತ್ತಿಗೆ ಅಮ್ಮನ ಫೋನ್ ಬಂತು. “ಮೋಟಾರ್ ಓಡ್ತಾನೇ ಇದೆ ಕಣೋ, ಏನೋ ಸುಟ್ಟ ವಾಸನೆ ಬರ್ತಿದೆ.” ಎಂಸಿಬಿ (ಮೋಟಾರ್ ಲೈನಿನ ಬ್ರೇಕರ್ ಸ್ವಿಚ್) ಕೆಳಗೆ ಮಾಡಿ ಎಂದೆ. ಅಷ್ಟರಲ್ಲಿ ಸಂಪ್ ಖಾಲಿಯಾಗಿ ಪಂಪ್ ನೀರಿಲ್ಲದೆ ಒಣಗಿ ಓಡಿತ್ತು. ಒಳಗಿನ ಸೀಲನ್ನು ತಂಪಾಗಿಡುವುದು ನೀರೇ ಅಲ್ವಾ, ಅದು ಪೂರ್ತಿ ಸುಟ್ಟಿತ್ತು. ಮೋಟಾರ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಹತ್ತಿರ ನಿಂತು ಆಫ್ ಮಾಡಿದ್ದು ಮಂಡಿ ನೋವಿನ ಅಮ್ಮ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ರಿಲೇ ಬಿಚ್ಚಿ ನೋಡಿದಾಗ ಕಾರಣ ಗೊತ್ತಾಯಿತು. ಒಳಗಿನ ಎರಡು ಕಾಂಟ್ಯಾಕ್ಟ್‌ಗಳು (ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಲೋಹದ ತುದಿಗಳು) ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಬೋರ್ಡ್ ಸರಿಯಾಗಿಯೇ ಆಫ್ ಸಿಗ್ನಲ್ ಕೊಟ್ಟಿತ್ತು, ರಿಲೇ ಬೋರ್ಡಿನ ಎಲ್‌ಇಡಿ ಕೂಡ ಆರಿತ್ತು. ಆದರೆ ಕಾಂಟ್ಯಾಕ್ಟ್ ಬಿಡಲಿಲ್ಲ. ಆಪ್ ತೋರಿಸುವುದು ನಾವು ಕೊಟ್ಟ ಆಜ್ಞೆಯನ್ನು ಮಾತ್ರ. ಮೋಟಾರ್ ನಿಜವಾಗಿ ನಿಂತಿದೆಯೇ ಎಂಬುದು ಅದಕ್ಕೆ ಗೊತ್ತೇ ಇರುವುದಿಲ್ಲ.

ರಿಲೇ ಮೇಲೆ ಬರೆದ 10 ಆಂಪಿಯರ್ ಎಂಬುದು ಹೀಟರ್‌ನಂಥ ಸರಳ ಲೋಡ್‌ಗೆ ಹೇಳಿದ ಲೆಕ್ಕ. 1 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 5ರಿಂದ 7 ಆಂಪಿಯರ್ ಎಳೆಯುತ್ತದೆ, ಹಾಗಾಗಿ ನೋಡಲು ಸಾಕು ಅನ್ನಿಸುತ್ತದೆ. ಆದರೆ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಆ ಹೊಡೆತಕ್ಕೆ ಕಾಂಟ್ಯಾಕ್ಟ್ ನಡುವೆ ಕಿಡಿ ಹಾರುತ್ತದೆ, ಪ್ರತಿ ಸಲ ಲೋಹ ಸ್ವಲ್ಪ ಸ್ವಲ್ಪ ಕರಗುತ್ತದೆ, ಒಂದು ದಿನ ಅಂಟಿಕೊಳ್ಳುತ್ತದೆ. ಬೆರಳಿನಿಂದ ತಟ್ಟಿದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಅಂಥ ರಿಲೇಯನ್ನು ಮತ್ತೆ ಹಾಕಲೇಬೇಡಿ.

ಮಾರಿದವರಿಗೆ ಫೋಟೋ ಕಳಿಸಿದೆ. ‘ನೀವು ಓವರ್‌ಲೋಡ್ ಮಾಡಿದ್ದೀರಿ, ವಾರಂಟಿ ಬರುವುದಿಲ್ಲ’ ಎಂದರು. ಅವರದೇ ಪುಟದ ಸಾಲು ತೋರಿಸಿದ ಮೇಲೆ ಉತ್ತರವೇ ಬರಲಿಲ್ಲ. ಆ ಸಾಲು ಈಗಲೂ ಹಾಗೆಯೇ ಇದೆ. ಇದನ್ನು ಬರೆಯಲು ಮುಖ್ಯ ಕಾರಣವೇ ಅದು.

ಇನ್ನೊಂದು ಅಪಾಯವೂ ಇದೆ. ಎಂಕ್ಯೂಟಿಟಿ (ಫೋನ್ ಮತ್ತು ಬೋರ್ಡ್ ನಡುವೆ ಮೆಸೇಜ್ ಸಾಗಿಸುವ ವಿಧಾನ) ಬಳಸುವವರು ಆಜ್ಞೆಯ ಮೆಸೇಜ್‌ಗೆ ‘ರಿಟೇನ್’ ಹಾಕಿದ್ದರೆ ಬ್ರೋಕರ್ (ಮೆಸೇಜ್ ಹಂಚುವ ಸರ್ವರ್) ಕೊನೆಯ ‘ಆನ್’ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದು ಬೋರ್ಡ್ ಮತ್ತೆ ಕನೆಕ್ಟ್ ಆದ ಕೂಡಲೇ ಅದನ್ನು ಕಳಿಸುತ್ತದೆ. ಯಾರೂ ಮುಟ್ಟದಿದ್ದರೂ ಮೋಟಾರ್ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಪಂಪ್ ಬಿಚ್ಚಿ ಕೂತಿದ್ದರೆ? ಇಎಸ್‌ಪಿ8266ರಲ್ಲಿ ರಿಲೇ ಜೋಡಿಸುವ ಪಿನ್ ಆಯ್ಕೆಯೂ ಮುಖ್ಯ. ಬೂಟ್ ಆಗುವಾಗ ಹಲವು ಪಿನ್‌ಗಳು ತಾವಾಗಿಯೇ ಏರಿಳಿಯುತ್ತವೆ. ಡಿ3, ಡಿ4, ಡಿ8 ಬಿಟ್ಟು ಡಿ1, ಡಿ2 ಬಳಸಿ.

ಈಗ ನಮ್ಮ ಮನೆಯಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ರೀತಿ ಮಾಡಿಸಿದ್ದೇವೆ. ಸಣ್ಣ ರಿಲೇ ಕಾಂಟ್ಯಾಕ್ಟರ್‌ನ (ದೊಡ್ಡ ಲೋಡ್‌ಗೆಂದೇ ಮಾಡಿದ ಗಟ್ಟಿ ಸ್ವಿಚ್) ಕಾಯಿಲ್ ಅನ್ನು, ಅಂದರೆ ಅದನ್ನು ಎಳೆದು ಆನ್ ಮಾಡುವ ಸುರುಳಿಯನ್ನು ಮಾತ್ರ ಆನ್ ಮಾಡುತ್ತದೆ. ಮೋಟಾರಿನ ಹೊಡೆತ ತಡೆದುಕೊಳ್ಳುವುದು ಕಾಂಟ್ಯಾಕ್ಟರ್. ಅಂಗಡಿಯಲ್ಲಿ ಕೇಳುವಾಗ ‘ಎಸಿ-3’ ರೇಟಿಂಗ್ ನೋಡಿ, ಅದೇ ಮೋಟಾರ್‌ಗೆ ಸಂಬಂಧಿಸಿದ್ದು. ಆ ಅಂಕಿ ಮೋಟಾರಿನ ಪ್ಲೇಟ್ ಮೇಲಿನ ಆಂಪಿಯರ್‌ಗಿಂತ ಜಾಸ್ತಿ ಇರಲಿ. ಜೊತೆಗೆ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವಂಥದ್ದು), ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವಂಥದ್ದು).

ಓವರ್‌ಲೋಡ್ ರಿಲೇ ಇದೆ ಎಂದು ಸುಮ್ನೆ ಧೈರ್ಯ ಮಾಡಬೇಡಿ. ಪಂಪ್ ಒಣಗಿ ಓಡುವಾಗ ಕರೆಂಟ್ ಕಡಿಮೆಯಾಗುತ್ತದೆ, ಹಾಗಾಗಿ ಓವರ್‌ಲೋಡ್ ಟ್ರಿಪ್ ಆಗುವುದಿಲ್ಲ. ಸಂಪ್‌ನಲ್ಲಿ ಫ್ಲೋಟ್ ಸ್ವಿಚ್ (ನೀರು ಕೆಳಗಿಳಿದರೆ ತಾನೇ ಆಫ್ ಆಗುವಂಥದ್ದು) ಇರಲೇಬೇಕು. ಅದು ಕಾಯಿಲ್‌ನ ವೈರಿಗೇ ಸೇರಿರಲಿ, ವೈಫೈ ಇಲ್ಲದಿದ್ದರೂ ಕೆಲಸ ಮಾಡಬೇಕು. ಮೋಟಾರಿನ ಫೇಸ್ ವೈರಿಗೆ ಕರೆಂಟ್ ಅಳೆಯುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಒಂದನ್ನು ಹಾಕಿದ್ದೇವೆ. ಆಫ್ ಒತ್ತಿದ ಮೇಲೂ ಕರೆಂಟ್ ಹರಿಯುತ್ತಿದ್ದರೆ ಫೋನಿಗೆ ಅಲಾರಂ ಬರುತ್ತದೆ.

ನೀಲಿ ರಿಲೇಯಿಂದಲೇ ಮೋಟಾರ್ ಓಡಿಸುತ್ತಿರುವವರು ಇವತ್ತೇ ಅದನ್ನು ಬಿಚ್ಚಿಸಿ. ಕಾಂಟ್ಯಾಕ್ಟರ್ ಹಾಕಿಸುವವರೆಗೆ ಹಳೆಯ ಸ್ವಿಚ್‌ನಲ್ಲೇ ಆನ್, ಆಫ್ ಮಾಡಿ. ಮನೆಯಲ್ಲಿ ಇರುವವರೆಲ್ಲರಿಗೂ ಮೋಟಾರಿನ ಎಂಸಿಬಿ ಯಾವುದೆಂದು ತೋರಿಸಿ.