ಯಾಕಿಮಾದ ವಸಂತದಲ್ಲಿ ಟ್ರೌಟ್ ಮೀನಿಗೆ ನಿಂಫ್ ಹಾಕೋದಾ, ಡ್ರೈ ಫ್ಲೈ ಹಾಕೋದಾ?

ಸಿಯಾಟಲ್‌ನಿಂದ ಎರಡು ಗಂಟೆ ಕಾರು ಓಡಿಸಿದರೆ ಯಾಕಿಮಾ ನದಿಯ ಕಣಿವೆ ಸಿಗುತ್ತದೆ. ಮಾರ್ಚ್ ಕೊನೆಯಲ್ಲಿ ಎರಡು ಶನಿವಾರ ಗೆಳೆಯನ ಡ್ರಿಫ್ಟ್ ಬೋಟ್‌ನಲ್ಲಿ ಅಲ್ಲಿ ಇಳಿದೆವು. ಹುಟ್ಟು ಅವನ ಕೈಯಲ್ಲಿ, ಮುಂದೆ ನಿಂತು ಫ್ಲೈ, ಅಂದರೆ ಹುಳುವಿನಂತೆ ಕಾಣೋ ಹಾಗೆ ಕಟ್ಟಿದ ಕೊಕ್ಕೆ, ಎಸೆಯೋದು ನಾನು. ಮೊದಲ ವಾರ ಇಡೀ ದಿನ ನಿಂಫ್ (ನೀರಿನೊಳಗೆ ಮುಳುಗಿ ಸಾಗುವ ಫ್ಲೈ), ಮುಂದಿನ ವಾರ ಇಡೀ ದಿನ ಡ್ರೈ ಫ್ಲೈ (ನೀರಿನ ಮೇಲೆ ತೇಲುವ ಫ್ಲೈ). ರಾಡ್ (ಗಾಳದ ಕೋಲು) ಮಾತ್ರ ಅದೇ, 9 ಅಡಿಯ 5 ವೇಟ್, ಅಂದರೆ ಮಧ್ಯಮ ತೂಕದ ದಾರಕ್ಕೆ ಹೊಂದುವಂಥದ್ದು.

ನಮ್ಮೂರಲ್ಲಿ ಗಾಳಕ್ಕೆ ಬೆಂಡು ಕಟ್ತೀವಲ್ಲ, ನಿಂಫ್ ಹೆಚ್ಚುಕಡಿಮೆ ಹಾಗೇ. ಬೆಂಡು ಮೇಲೆ ತೇಲುತ್ತದೆ, ನಿಂಫ್ ತಳದ ಕಲ್ಲುಗಳ ಹತ್ತಿರ ಸಾಗುತ್ತದೆ. ಬೆಳಗ್ಗೆ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಮೀನು ಆಳ ಬಿಟ್ಟು ಏಳೋದಿಲ್ಲ. ಮಧ್ಯಾಹ್ನದೊಳಗೆ ಐದು ಸಿಕ್ಕವು. ಆಮೇಲೆ ಕಣಿವೆಯಲ್ಲಿ ಗಾಳಿ ಎದ್ದಿತು. ಬೆಂಡು, ತೂಕ, ಎರಡು ಕೊಕ್ಕೆ ಎಲ್ಲಾ ಸುತ್ತಿಕೊಂಡು, ಗಂಟು ಬಿಡಿಸೋದರಲ್ಲೇ ಇಪ್ಪತ್ತು ನಿಮಿಷ ಹೋಯಿತು.

ಡ್ರೈ ಫ್ಲೈ ದಿನ ಬೆಳಗ್ಗೆ ಒಂದೂ ಇಲ್ಲ. ಆದರೆ ಮಧ್ಯಾಹ್ನ!

ಈ ನದಿಯ ವಸಂತಕ್ಕೆ ಸ್ಕ್ವಾಲಾ ಅನ್ನೋ ಸ್ಟೋನ್‌ಫ್ಲೈ ಹುಳು ಮುಖ್ಯ. ಅದರ ಮರಿ ದಡಕ್ಕೆ ತೆವಳಿ ಬಂದು, ಕಲ್ಲಿನ ಮೇಲೆ ಸಿಪ್ಪೆ ಕಳಚಿ ರೆಕ್ಕೆ ಬಿಚ್ಚುತ್ತದೆ. ಬಿಸಿಲೇರಿದ ಮೇಲೆ ಹೆಣ್ಣು ಮೊಟ್ಟೆ ಇಡಲು ನೀರಿಗೆ ಬರುತ್ತದೆ. ಹಾಗಾಗಿ ಮೀನು ಕಾಯೋದು ದಡದ ಪಕ್ಕದಲ್ಲೇ. ಈ ದಡದಲ್ಲಿ ನಿಂತು ಆಚೆ ದಡದತ್ತ ಎಸೆದರೆ ನಡುವಿನ ಸೆಳವು ದಾರವನ್ನು ಎಳೆದುಬಿಡುತ್ತದೆ, ಫ್ಲೈ ನೀರನ್ನು ಗೀರಿಕೊಂಡು ಹೋಗುತ್ತದೆ, ಮೀನಿಗೆ ಅನುಮಾನ. ದೋಣಿಯಲ್ಲಿ ಹಾಗಲ್ಲ. ಗೆಳೆಯ ಹುಟ್ಟನ್ನು ಹಿಂದಕ್ಕೆ ಎಳೆದೆಳೆದು ದೋಣಿಯ ವೇಗವನ್ನು ದಡದ ನೀರಿನ ವೇಗಕ್ಕೆ ತಂದ. ಫ್ಲೈ ಮತ್ತು ನಾವು ಜೊತೆಜೊತೆಗೇ ಸಾಗಿದೆವು. ನಿಂಫ್‌ನಲ್ಲಿ ಹುಟ್ಟು ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ, ಡ್ರೈ ಫ್ಲೈನಲ್ಲಿ ಅರ್ಧ ಕೆಲಸ ಅವನದ್ದೇ.

ಬಾಗಿದ ವಿಲ್ಲೋ ಕೊಂಬೆಯ ಕೆಳಗೆ, ದಡದಿಂದ ಒಂದು ಗೇಣು ದೂರದಲ್ಲಿ ಫ್ಲೈ ಬಿತ್ತು. ಮೂತಿ ಮೊದಲು ಕಂಡಿತು, ಬಿಳಿ ಬಾಯಿ ತೆರೆಯಿತು, ಫ್ಲೈ ಇಲ್ಲ. "ತಡಿ ತಡಿ" ಅಂದ ಗೆಳೆಯ. ಮೀನು ತಲೆ ತಗ್ಗಿಸಿದ ಮೇಲೆ ರಾಡ್ ಎತ್ತಿದೆ. ಹದಿನಾರು ಇಂಚಿನ ರೇನ್‌ಬೋ ಟ್ರೌಟ್.

ನಡುವೆ ಸ್ಟ್ರೀಮರ್ (ಸಣ್ಣ ಮೀನಿನಂತೆ ಕಾಣುವ ಫ್ಲೈ) ಕೂಡ ಅರ್ಧ ಗಂಟೆ ಎಸೆದೆ. ತೋಳು ನೋವು ಬಂತು, ಅಷ್ಟೇ.

ಲೆಕ್ಕಕ್ಕೆ ನಿಂಫ್ ಏಳು, ಡ್ರೈ ಫ್ಲೈ ಮೂರು. ಆದರೂ ನನ್ನ ಮನಸ್ಸು ಡ್ರೈ ಕಡೆಗೇ, ಯಾಕೆಂದರೆ ಬೆಂಡು ಮುಳುಗಿದ್ದು ಏಳು ಸಲ ನೋಡಿದೆ, ಮೀನು ಕಚ್ಚಿದ್ದು ಒಂದು ಸಲವೂ ನೋಡಲಿಲ್ಲ. ನೀವು ಹೋಗೋದಾದರೆ ಎರಡು ರಾಡ್ ಕಟ್ಟಿಟ್ಟುಕೊಳ್ಳಿ, ಊಟದ ತನಕ ನಿಂಫ್, ಆಮೇಲೆ ಡ್ರೈ. ಮೊದಲ ಸಲ ಹೋಗುವವರು ಮಾತ್ರ ಸುಮ್ನೆ ನಿಂಫ್‌ನಿಂದಲೇ ಶುರು ಮಾಡಿ. ಯಾವುದೇ ಹಾಕಿ, ಕೊಕ್ಕೆಯ ತುದಿಯಲ್ಲಿ ಹಿಮ್ಮುಖದ ಮುಳ್ಳು ಇರಬಾರದು, ಕಣಿವೆಯಲ್ಲಿ ಹಿಡಿದ ಟ್ರೌಟ್ ವಾಪಸ್ ಬಿಡಲೇಬೇಕು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ.