ಫೋಮ್ ರೆಕ್ಕೆಯ ನಡುಬೆಸುಗೆಗೆ ಎಪಾಕ್ಸಿಯೋ, ಪಿಯು ಅಂಟೋ, ಹಾಟ್ ಗ್ಲೂವೋ? ಪುಣೆಯ ಹವೆಯಲ್ಲಿ ಹಾಕಿ ನೋಡಿದ್ದು

ರಿಮೋಟಿನಿಂದ ಹಾರಿಸುವ ಮಾದರಿ ವಿಮಾನಕ್ಕೆ ತುದಿಯಿಂದ ತುದಿಗೆ ಒಂದು ಮೀಟರ್ ಇರುವ ಇಪಿಒ (ಕಾಳುಕಾಳಾದ, ಬಗ್ಗುವ ಫೋಮ್) ರೆಕ್ಕೆ, ಎರಡು ಹೋಳು, ನಡುವೆ ಭಾರ ಹೊರುವ ಬೆನ್ನೆಲುಬು, ಅಂದರೆ ಸ್ಪಾರ್ ಆಗಿ 6 ಮಿ.ಮೀ. ಕಾರ್ಬನ್ ಕೊಳವೆ. ಪುಣೆಯಲ್ಲಿ ನಮ್ಮ ಜೊತೆ ವಿಮಾನ ಹಾರಿಸುವ ಕನ್ನಡದ ಹುಡುಗರು ಮೊದಲು ಕೇಳುವುದು ಅಂಟಿನ ಬಗ್ಗೆಯೇ. ಆದರೆ ಅಂಟಿಗೆ ಮುಂಚೆ ಒಂದು ಮಾತು ತಿಳಿದಿರಬೇಕು.

ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಆ ಬಾಗುವ ಒತ್ತಡ ಎರಡು ಹೋಳು ಸೇರುವ ನಡುಬೆಸುಗೆಯಲ್ಲೇ ಅತಿ ಹೆಚ್ಚು. 800 ಗ್ರಾಂ ವಿಮಾನ 3 ಜಿ (ತೂಕದ ಮೂರು ಪಟ್ಟು ಹೊರೆ ಬೀಳುವ) ತಿರುವು ತೆಗೆದುಕೊಂಡರೆ ರೆಕ್ಕೆ ಹೊರುವುದು 2.4 ಕಿಲೋ. ಹೊರಬೇಕಾದದ್ದು ಕೊಳವೆ. ಕೊಳವೆ ಜಾರದಂತೆ ಹಿಡಿಯುವುದು, ಫೋಮಿನ ಎರಡು ಮುಖ ಬಿಡದಂತೆ ನೋಡಿಕೊಳ್ಳುವುದು, ಇಷ್ಟೇ ಅಂಟಿನ ಪಾಲು. ಎರಡೂ ಬೇರೆ ಬೇರೆ ಕೆಲಸ, ಆದ್ದರಿಂದ ಒಂದೇ ಅಂಟಿನಲ್ಲಿ ಎರಡನ್ನೂ ಮುಗಿಸುವುದು ನಮಗೆ ಒಪ್ಪಿಗೆಯಿಲ್ಲ.

ಕೊಳವೆಗೆ ಎಪಾಕ್ಸಿಯೇ ಸರಿ, ಆದರೆ 5 ನಿಮಿಷದ್ದಲ್ಲ. ಏಪ್ರಿಲ್ ಮಧ್ಯಾಹ್ನ ಕಪ್ಪಿನಲ್ಲಿ ಒಟ್ಟಿಗೆ ಕಲಸಿಟ್ಟರೆ ಅದು ತನ್ನ ಬಿಸಿಗೇ ಕುದಿದು, ಕೊಳವೆ ಅರ್ಧ ಒಳಗೆ ಹೋಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಎರಡನೇ ಹೋಳನ್ನು ಬಲವಂತವಾಗಿ ತಳ್ಳಿದರೆ ರೆಕ್ಕೆ ತಿರುಚಿಕೊಂಡೇ ಕೂರುತ್ತದೆ. ನಿಧಾನದ ಎಪಾಕ್ಸಿ ತೆಗೆದುಕೊಳ್ಳಿ, ರೆಸಿನ್ ಮತ್ತು ಹಾರ್ಡನರ್ ಅಳತೆ ಟ್ಯೂಬಿನ ಮೇಲೆ ಬರೆದಂತೆಯೇ ಇರಲಿ. ಅಂದಾಜಿನಲ್ಲಿ ಕಲಸಿದ್ದು ಮರುದಿನವೂ ರಬ್ಬರಿನಂತೆ ಬಾಗುತ್ತದೆ. ಕೊಳವೆಯ ಹೊಳಪು ಹೋಗುವವರೆಗೆ 240 ನಂಬರ್ ಉಪ್ಪುಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಉಜ್ಜುವಾಗ ಮಾಸ್ಕ್ ತಪ್ಪಿಸಬೇಡಿ, ಕಾರ್ಬನ್ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಫೋಮ್ ಮುಖಗಳಿಗೆ ನಮ್ಮ ಆಯ್ಕೆ ಪಿಯು, ಅಂದರೆ ಪಾಲಿಯುರೆಥೇನ್ ಅಂಟು. ಇದು ತೇವ ಹೀರಿ ನೊರೆಯಾಗಿ ಉಬ್ಬುತ್ತದೆ, ಫೋಮಿನ ಕಾಳುಗಳ ಸಂದಿಗೂ ಇಳಿಯುತ್ತದೆ. ಬೇಕೆಂದೇ ಬೆಸುಗೆ ಮುರಿದು ನೋಡಿದರೆ ಅಂಟಿನ ಮೈತುಂಬ ಬಿಳಿ ಕಾಳು ಕಿತ್ತುಕೊಂಡು ಬಂದಿರುತ್ತವೆ: ಸೋತದ್ದು ಫೋಮ್, ಅಂಟಲ್ಲ. ಒಂದೇ ಮುಖಕ್ಕೆ ತೆಳ್ಳಗೆ ಸವರಿ. ಮಾರ್ಚಿನ ಒಣಹವೆಯಲ್ಲಿ ಇನ್ನೊಂದು ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಜುಲೈನಲ್ಲಿ ಪುಣೆಯ ಗಾಳಿಯೇ ಸಾಕು. ಅತಿಯಾಗಿ ಒದ್ದೆ ಮಾಡಿದರೆ ನೊರೆ ಪೊಳ್ಳಾಗಿ ಬಲ ಕಳೆದುಕೊಳ್ಳುತ್ತದೆ. ಉಬ್ಬುವಾಗ ಹೋಳುಗಳನ್ನು ತಳ್ಳಿ ದೂರ ಮಾಡುವ ಗುಣ ಇದಕ್ಕಿದೆ, ಹಾಗಾಗಿ ಮೇಲೆ ಕೆಳಗೆ ಟೇಪ್ ಬಿಗಿದು ಭಾರ ಇಟ್ಟು ರಾತ್ರಿಯಿಡೀ ಬಿಡಿ. ಹೊರಬಂದ ನೊರೆಯನ್ನು ಹಸಿಯಲ್ಲಿ ಒರೆಸಬೇಡಿ, ಒಣಗಿದ ಮೇಲೆ ಬ್ಲೇಡಿನಿಂದ ಕತ್ತರಿಸಿ. ಒಮ್ಮೆ ತೆರೆದ ಬಾಟಲಿ ಮಳೆಗಾಲದಲ್ಲಿ ಬೇಗ ಕಲ್ಲಾಗುತ್ತದೆ, ಚಿಕ್ಕದನ್ನೇ ಕೊಳ್ಳಿ.

ಹಾಟ್ ಗ್ಲೂ ಸರ್ವೋ (ರೆಕ್ಕೆಯ ಪಟ್ಟಿ ಅಲುಗಿಸುವ ಪುಟ್ಟ ಮೋಟರ್), ತಂತಿ ಹಿಡಿಸಲು ಚೆನ್ನ. ನಡುಬೆಸುಗೆಗೆ ಬೇಡ. ಹೋಳುಗಳನ್ನು ಒತ್ತುವ ಮುಂಚೆಯೇ ಆರಿ, ದಪ್ಪ ಪದರ ಉಳಿದು ಸಂದಿ ಮುಚ್ಚುವುದೇ ಇಲ್ಲ. ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗಿ ಬೆಸುಗೆ ಜಾರುವುದೂ ಉಂಟು.

ಸೂಪರ್ ಗ್ಲೂ ಇಪಿಒಗೆ ನಡೆಯುತ್ತದೆ, ಮೈದಾನದ ತುರ್ತು ರಿಪೇರಿಗೆ ಜೇಬಲ್ಲಿರಲಿ. ಹಿಡಿದ ಮೇಲೆ ಸರಿಸಲು ಬಿಡದು, ಬೆಸುಗೆಯೂ ಪೆಡಸು. ಥರ್ಮಾಕೋಲ್, ಡೆಪ್ರಾನ್ (ತೆಳು ಫೋಮ್ ಹಾಳೆ) ಇವಕ್ಕೆ ಮಾತ್ರ ಫೋಮ್-ಸೇಫ್ ಬಗೆಯೇ ಬೇಕು, ಮಾಮೂಲಿಯದು ಕಣ್ಣೆದುರೇ ಕರಗಿಸುತ್ತದೆ. ಫೆವಿಕಾಲ್ ನೀರು ಆರಿದರೆ ಮಾತ್ರ ಗಟ್ಟಿಯಾಗುವ ಅಂಟು, ಮುಚ್ಚಿದ ಫೋಮ್ ಮುಖಗಳ ನಡುವೆ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ.

ಅಂಟು ಯಾವುದೇ ಆಗಲಿ, ಸರ್ವೋ ತಂತಿ ಎಳೆಯಲು ದಾರವನ್ನು ಮುಂಚೆಯೇ ತೂರಿಸಿಡಿ. ನೇರ ಕೊಳವೆಯ ಬದಲು ಹೋಳುಗಳನ್ನು ಸೇರಿಸುವ ಬಾಗಿದ ಸರಳು (ಜಾಯಿನರ್) ಇರುವ ರೆಕ್ಕೆಗೆ ಎರಡೂ ಕಡೆ 3 ಡಿಗ್ರಿ ಡೈಹೆಡ್ರಲ್ (ತುದಿ ಮೇಲೆದ್ದಿರುವ ಕೋನ) ಬೇಕಿದ್ದರೆ ಒಂದು ಹೋಳನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಒತ್ತಿ, ಇನ್ನೊಂದರ ತುದಿಯನ್ನು 52 ಮಿ.ಮೀ. ಎತ್ತಿ ಆಧಾರ ಕೊಡಿ. ಟೇಪ್ ಬಿಗಿದ ಮೇಲೆ ಹಿಂಬದಿಯಿಂದ ಕಣ್ಣು ಮಟ್ಟಕ್ಕೆ ಹಿಡಿದು ಎರಡು ಹೋಳಿನ ಹಿಂಬದಿ ಅಂಚು ಒಂದೇ ಸಮವಾಗಿ ಕಾಣುತ್ತದೆಯೇ ನೋಡಿ. ಪಿಯು ಉಬ್ಬಲು ಶುರುವಾಗುವ ಮುಂಚೆ ತಿದ್ದಿಕೊಳ್ಳಬಹುದು. ಆಮೇಲೆ ಉಳಿದ ತಿರುಚನ್ನು ಸರಿದೂಗಿಸಲು ಪ್ರತಿ ಹಾರಾಟದಲ್ಲೂ ಐಲೆರಾನನ್ನು (ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿ) ತುಸು ವಾಲಿಸಿಯೇ ಇಡಬೇಕಾಗುತ್ತದೆ, ವೇಗ ಬದಲಾದಾಗಲೆಲ್ಲ ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ.