ಜಿಡ್ಡು ಹೋಗಲಿ ಎಂದು ತಲೆಗೆ ಸೋಡಾ ಹಾಕಬೇಡಿ

ದಯವಿಟ್ಟು ತಲೆಗೆ ಅಡುಗೆ ಸೋಡಾ ಹಾಕಬೇಡಿ. ಯಾರೋ ಹೇಳಿದ್ದನ್ನು ನಂಬಿ ನಾನು ಹಾಕಿಕೊಂಡೆ, ಅನುಭವಿಸಿದೆ.

ನನ್ನದು ಮೊದಲಿನಿಂದಲೂ ಜಿಡ್ಡಿನ ತಲೆ. ಬೆಳಿಗ್ಗೆ ಎರೆದುಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಕೆಲಸಕ್ಕೆ ಹೋದರೆ, ಸಂಜೆ ಹುಬ್ಬಳ್ಳಿಗೆ ಮರಳುವ ಹೊತ್ತಿಗೆ ಕೂದಲೆಲ್ಲ ನೆತ್ತಿಗೆ ಅಂಟಿರುತ್ತಿತ್ತು. ಈ ಬೇಸಿಗೆಯಲ್ಲಿ ಹಳದಿ ಬಣ್ಣದ, ಮೇಣದಂಥ ಹೊಟ್ಟೂ ಶುರುವಾಯಿತು. 'ತಲಿ ಒಣಗೇತಿ, ಎಣ್ಣಿ ಹಚ್ಕೋವಾ' ಎಂದು ಅತ್ತೆ ತಾವೇ ಕೂತು ಕೊಬ್ಬರಿ ಎಣ್ಣೆ ತಿಕ್ಕಿದರು. ಮೂರು ವಾರ ರಾತ್ರಿಯಿಡೀ ಎಣ್ಣೆ ಬಿಟ್ಟಿದ್ದಾಯಿತು. ಹೊಟ್ಟು ಹುಬ್ಬಿಗೂ ಕಿವಿಯ ಹಿಂದಕ್ಕೂ ಇಳಿಯಿತು.

ಆಗ ಜೊತೆಗೆ ಕೆಲಸ ಮಾಡುವವರೊಬ್ಬರು ಈ ಉಪಾಯ ಹೇಳಿದರು. ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾ ನೀರಲ್ಲಿ ಕಲಸಿ ನೆತ್ತಿಗೆ ತಿಕ್ಕುವುದು, ಮೇಲೆ ಲಿಂಬೆಹಣ್ಣು ಹಿಂಡುವುದು. ಮೊದಲ ಸಲ ಕೂದಲು ಎಷ್ಟು ಹಗುರಾಯಿತೆಂದರೆ ಬೆರಳಾಡಿಸಿದರೆ ಕಿರ್ ಅನ್ನುತ್ತಿತ್ತು. ನಾನು ಮೋಸ ಹೋದದ್ದು ಅಲ್ಲೇ. ನಾಲ್ಕನೇ ಸಲಕ್ಕೆ ನೆತ್ತಿ ಉರಿಯತೊಡಗಿತು. ದಿಂಬಿಗೆ ತಲೆ ಇಡಲಾಗಲಿಲ್ಲ, ಕಿವಿಯ ಹಿಂದೆ ಚರ್ಮ ಬಿರಿದು ನೀರು ಒಸರಿತು, ಬಾಚಿದರೆ ಕೂದಲು ನಡುವೆಯೇ ತುಂಡಾಗಿ ಬರುತ್ತಿತ್ತು.

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಡಾಕ್ಟರಮ್ಮ ತಲೆ ನೋಡಿ ಮೊದಲು ಕೇಳಿದ್ದು, 'ಏನ್ ಹಚ್ಚೀರಿ ಇದಕ್ಕ?'

ಅದು ಒಣಗಿದ ತಲೆಯೇ ಅಲ್ಲ, ಸೆಬೊರಿಕ್ ಡರ್ಮಟೈಟಿಸ್, ಅಂದರೆ ಜಿಡ್ಡು ಹೆಚ್ಚಿರುವ ಕಡೆ ಬರುವ ಚರ್ಮದ ಉರಿಯೂತ. ಎಲ್ಲರ ಚರ್ಮದ ಮೇಲೂ ಇರುವ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದು ಜಿಡ್ಡು ತಿಂದು. ನಾವು ತಿಕ್ಕಿದ ಎಣ್ಣೆಯೂ ಅದಕ್ಕೆ ಊಟವೇ. ಇನ್ನು ನೆತ್ತಿಯ ಚರ್ಮ ತುಸು ಹುಳಿ ಗುಣದ್ದು, ಪಿಎಚ್ (ಹುಳಿ-ಕ್ಷಾರ ಅಳೆಯುವ ಅಂಕ, 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ) ಸುಮಾರು 5.5. ಅಡುಗೆ ಸೋಡಾ ಕಲಸಿದ ನೀರಿನದು 8ರ ಮೇಲೆ. ಅದು ಚರ್ಮದ ಕಾವಲು ಪದರವನ್ನೇ ಕೆಡಿಸುತ್ತದೆ. ಜಿಡ್ಡು ಹುಟ್ಟಿಸುವ ಗ್ರಂಥಿಗಳಿರುವುದು ಚರ್ಮದ ಒಳಗೆ, ಮೇಲೆ ಎಷ್ಟು ತಿಕ್ಕಿದರೂ ಅವು ನಿಲ್ಲುವುದಿಲ್ಲ.

ಹುಣ್ಣು ಮಾಯ್ದ ಮೇಲೆ ಶಿಲೀಂಧ್ರ ಅಡಗಿಸುವ 2% ಕೀಟೊಕೊನಜೋಲ್ ಔಷಧಿಯ ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ ನೆತ್ತಿಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದರೆ ಔಷಧಿಗೆ ಕೆಲಸ ಮಾಡಲು ಪುರಸೊತ್ತೇ ಸಿಗುವುದಿಲ್ಲ. ನಡುವಿನ ದಿನಗಳಲ್ಲಿ ಸಾದಾ ಶಾಂಪೂ. ಎಣ್ಣೆ ಬೇಕೆಂದರೆ ಕೂದಲ ತುದಿಗಷ್ಟೇ.

ನೀರಿನದೂ ಒಂದು ಮಾತಿದೆ. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಮಿಕ್ಕ ದಿನ ಬೋರಿನ ಸವಳು ನೀರೇ ಗತಿ. ಆ ನೀರಲ್ಲಿ ಸೋಪು ಹಚ್ಚಿದರೆ ಬಿಳಿ ಅಂಟು ಕೂದಲಲ್ಲೇ ಉಳಿಯುತ್ತದೆ. ಅದನ್ನೂ ನಾನು ಜಿಡ್ಡೆಂದೇ ತಿಳಿದಿದ್ದೆ. ಈಗ ಕೊನೆಗೆ ಸುರಿದುಕೊಳ್ಳಲೆಂದೇ ನಳದಲ್ಲಿ ಬರುವ ಮಲಪ್ರಭಾ ನದಿಯ ನೀರು ಒಂದು ಕೊಡ ಎತ್ತಿಡುತ್ತೇನೆ.

ಒಂದು ತಿಂಗಳಲ್ಲಿ ನೆತ್ತಿ ಸುಧಾರಿಸಿತು. ಹಣೆ ಇನ್ನೂ ಇಲ್ಲ. ಲಿಂಬೆರಸ ಹಣೆಗೆ ಇಳಿದದ್ದನ್ನು ಸರಿಯಾಗಿ ತೊಳೆಯದೆ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂದಲು ಒಣಗಿಸುತ್ತ ನಿಂತಿದ್ದೆ. ಲಿಂಬೆರಸ ಇದ್ದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತಾಗುತ್ತದಂತೆ. ರಸ ಹರಿದ ಜಾಡಿನಲ್ಲೇ ಎರಡು ಕಪ್ಪು ಗೆರೆ ಬಿದ್ದಿವೆ. ಮಾಸಲು ತಿಂಗಳುಗಟ್ಟಲೆ ಬೇಕು ಎಂದಿದ್ದಾರೆ.